ಹವಾಯಿಯ ಹಳ್ಳಗಳನ್ನು ಕಾಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಯಿ ಅಂದ ಕೂಡಲೇ ನಮಗೆ ನೆನಪಾಗುವುದು ಕಡಲು, ಅಲೆ, ಜ್ವಾಲಾಮುಖಿ. ಅಲ್ಲಿನ ಸಿಹಿನೀರಿನ ಹಳ್ಳಗಳ ಬಗ್ಗೆ ಕೇಳುವವರು ಕಮ್ಮಿ. ಆದರೆ ಅಲ್ಲಿನ ಮೂಲ ಜನ ನೂರಾರು ವರ್ಷ ಬದುಕಿದ್ದು ಈ ಹಳ್ಳಗಳನ್ನು ನಂಬಿಕೊಂಡು. ಕಳೆದ ನೂರೈವತ್ತು ವರ್ಷಗಳಲ್ಲಿ ಅವರು ಪಟ್ಟು ಹಿಡಿದು ಹೋರಾಡಿದ್ದೂ, ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಈ ನೀರಿಗಾಗಿ. ಹಳಬರ ತಿಳಿವಳಿಕೆ ಮತ್ತು ಇವತ್ತಿನ ವಿಜ್ಞಾನ ಎರಡನ್ನೂ ಇಟ್ಟುಕೊಂಡು ಹಳ್ಳಗಳನ್ನು ಮತ್ತೆ ಹರಿಸುವ ಕೆಲಸ ಅಲ್ಲಿ ನಡೆಯುತ್ತಿದೆ. ಅದರ ಬಗ್ಗೆ ಜನ ಕೇಳುವ ಪ್ರಶ್ನೆಗಳು ಮತ್ತು ಉತ್ತರಗಳು ಇಲ್ಲಿವೆ.

ಅಷ್ಟು ಚಿಕ್ಕ ದ್ವೀಪಗಳಲ್ಲಿ ಹೊಳೆಗಳು ಎಲ್ಲಿಂದ ಬಂದವು?

ಮಳೆಯಿಂದ. ಈಶಾನ್ಯದಿಂದ ಬೀಸುವ ಗಾಳಿ ಕಡಲಿನ ತೇವ ಹೊತ್ತು ಬಂದು ಬೆಟ್ಟಕ್ಕೆ ಬಡಿಯುತ್ತದೆ. ಗಾಳಿ ಬಡಿಯುವ ಕಡೆ ಧಾರಾಳ ಮಳೆ, ಹಿಂಬದಿಯಲ್ಲಿ ಒಣ ನೆಲ. ಕವಾಯಿ ದ್ವೀಪದ ವೈಅಲೆಅಲೆ ಶಿಖರದಲ್ಲಿ ವರ್ಷಕ್ಕೆ ಸರಾಸರಿ 11,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಮಳೆಯಾಗುವ ಜಾಗಗಳಲ್ಲಿ ಅದೂ ಒಂದು.

1990ರ ಒಂದು ಸರ್ಕಾರಿ ಸಮೀಕ್ಷೆ ವರ್ಷವಿಡೀ ಹರಿಯುವ 376 ಹಳ್ಳಗಳನ್ನು ಪಟ್ಟಿ ಮಾಡಿತು. ಹೆಚ್ಚಿನವು ಬಹಳ ಗಿಡ್ಡ. ಬೆಟ್ಟದ ತುದಿಯಲ್ಲಿ ಹುಟ್ಟಿ, ಕಡಿದಾದ ಕಣಿವೆಯಲ್ಲಿ ಧುಮುಕಿ, ಕೆಲವೇ ಕಿಲೋಮೀಟರ್ ಓಡಿ ಕಡಲು ಸೇರುತ್ತವೆ. ಬೆಟ್ಟದಲ್ಲಿ ಮಳೆ ಜೋರಾದರೆ ಕೆಳಗೆ ನೋಡನೋಡುತ್ತಲೇ ನೀರು ಏರುತ್ತದೆ. ಮಳೆ ಇಲ್ಲದ ದಿನಗಳಲ್ಲಿ ಹಳ್ಳವನ್ನು ಜೀವಂತ ಇಡುವುದು ಒರತೆಯ ನೀರು. ಅಲ್ಲಿನ ಲಾವಾ ಕಲ್ಲಿನಲ್ಲಿ ತೂತು ಜಾಸ್ತಿ, ನೀರು ಸಲೀಸಾಗಿ ಇಂಗುತ್ತದೆ. ಬೆಟ್ಟದೊಳಗೆ ನೆಟ್ಟಗೆ ನಿಂತ ಗಟ್ಟಿ ಕಲ್ಲಿನ ಗೋಡೆಗಳು ಆ ನೀರನ್ನು ತಡೆದು ಹಿಡಿದು, ನಿಧಾನವಾಗಿ ಹಳ್ಳಕ್ಕೆ ಬಿಡುತ್ತವೆ. ಇದನ್ನು ತಜ್ಞರು ಮೂಲ ಹರಿವು ಅನ್ನುತ್ತಾರೆ. ಮುಂದಿನ ಉತ್ತರಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಅಹುಪುಆಅ ಅಂದರೆ ಏನು? ಹಳ್ಳಕ್ಕೂ ಅದಕ್ಕೂ ಏನು ಸಂಬಂಧ?

ಅಹುಪುಆಅ ಅನ್ನುವುದು ಹಳೆಯ ಹವಾಯಿಯಲ್ಲಿ ನೆಲವನ್ನು ವಿಂಗಡಿಸುತ್ತಿದ್ದ ಒಂದು ಬಗೆ. ಬೆಟ್ಟದ ಕಡೆಗೆ ಅವರು ಮೌಕ ಅನ್ನುತ್ತಾರೆ, ಕಡಲಿನ ಕಡೆಗೆ ಮಕೈ. ಮೌಕದಿಂದ ಮಕೈವರೆಗೆ ಇಳಿಯುವ ಒಂದು ಪಟ್ಟಿ ನೆಲ, ಅದರ ಜೊತೆಗೆ ದಡದ ಹತ್ತಿರದ ಮೀನುಗಾರಿಕೆ ನೀರು, ಎಲ್ಲವೂ ಸೇರಿ ಒಂದು ಅಹುಪುಆಅ. ಮೇಲೆ ಕಾಡು, ನಡುವೆ ಹೊಲಗದ್ದೆ, ಕೆಳಗೆ ಮೀನಿನ ಕೊಳ. ಇಷ್ಟನ್ನೂ ನೋಡಿಕೊಳ್ಳುವ ಜವಾಬ್ದಾರಿ ಕೊನೊಹಿಕಿ ಎಂಬ ಮುಖ್ಯಸ್ಥನದು. ಯಾವಾಗ ಮೀನು ಹಿಡಿಯಬಾರದು, ಯಾವ ಮರ ಕಡಿಯಬಾರದು ಎಂದು ನಿಷೇಧ ಹಾಕುವವನೂ ಅವನೇ.

ಎಲ್ಲ ಅಹುಪುಆಅಗಳಲ್ಲೂ ಹಳ್ಳ ಇತ್ತು ಅಂದುಕೊಳ್ಳಬೇಡಿ. ದೊಡ್ಡ ದ್ವೀಪ ಎಂದು ಕರೆಯುವ ಹವಾಯಿ ದ್ವೀಪದ ಕೋನಾದಂಥ ಒಣ ಸೀಮೆಯಲ್ಲಿ ಹರಿಯುವ ನೀರೇ ಅಪರೂಪ. ಅಲ್ಲಿ ಮಳೆ ನಂಬಿಕೊಂಡು ಬೇರೆಯದೇ ಬೇಸಾಯ ನಡೆಯುತ್ತಿತ್ತು. ಗಡಿ ಹಾಕುವಾಗ ಅವರು ನಕ್ಷೆ ನೋಡದೆ ನೆಲ ನೋಡಿದ್ದರು. ನನಗೆ ಹಿಡಿಸುವುದು ಅದೇ. ಕಾಡಿನವನೂ ಕಡಲಿನವನೂ ಒಂದೇ ಆಡಳಿತದ ಕೆಳಗೆ ಇದ್ದರೆ, ಮೇಲೆ ಮಾಡಿದ ತಪ್ಪಿಗೆ ಕೆಳಗಿನವರು ಸುಮ್ನೆ ಅನುಭವಿಸಬೇಕಾದ ಪಾಡು ಬರುವುದಿಲ್ಲ.

ಹಳೆಯ ಕಾಲದಲ್ಲಿ ನೀರನ್ನು ಹೇಗೆ ಹಂಚುತ್ತಿದ್ದರು?

ಹಳ್ಳಕ್ಕೆ ಅಡ್ಡವಾಗಿ ಸಡಿಲ ಕಲ್ಲು ಮತ್ತು ಹುಲ್ಲುಗಡ್ಡೆ ಮಣ್ಣಿನಿಂದ ಗಿಡ್ಡ ಕಟ್ಟೆ ಕಟ್ಟುತ್ತಿದ್ದರು. ಸಡಿಲವಾಗಿ ಅನ್ನುವುದು ಮುಖ್ಯ. ಕಲ್ಲಿನ ಸಂದಿಯಿಂದ ನೀರು ಕೆಳಕ್ಕೆ ಸೋರುತ್ತಲೇ ಇರಬೇಕು. ನೆರೆ ಬಂದರೆ ಕಟ್ಟೆ ಕೊಚ್ಚಿಕೊಂಡು ಹೋಗುತ್ತಿತ್ತು, ಊರವರು ಸೇರಿ ಮತ್ತೆ ಕಟ್ಟುತ್ತಿದ್ದರು. ಕಟ್ಟೆಯ ಪಕ್ಕದಿಂದ ಔವೈ ಎಂಬ ಮಣ್ಣಿನ ಕಾಲುವೆ ಹೊರಡುತ್ತದೆ. ಅದು ಲೋಇ ಎಂಬ ಕೆಸರು ಗದ್ದೆಗಳಿಗೆ ನೀರು ತರುತ್ತದೆ. ಒಂದು ಗದ್ದೆಯಿಂದ ಇನ್ನೊಂದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದ ನೀರು ಕೊನೆಗೆ ಮತ್ತೆ ಅದೇ ಹಳ್ಳಕ್ಕೆ ಬಂದು ಬೀಳುತ್ತದೆ.

ಈ ಪದ್ಧತಿಯನ್ನು ಬರೆದಿಟ್ಟವರಲ್ಲಿ ಎಮ್ಮಾ ನಕುಇನಾ ಮುಖ್ಯರು. ನೀರಿನ ಹಕ್ಕಿನ ತಕರಾರುಗಳನ್ನು ತೀರ್ಮಾನಿಸುವ ಅಧಿಕಾರಿಯಾಗಿದ್ದ ಹವಾಯಿಯ ಹೆಣ್ಣುಮಗಳು ಇವರು. 1894ರಲ್ಲಿ ಪ್ರಕಟವಾದ ಅವರ ಬರಹದ ಪ್ರಕಾರ, ಕಟ್ಟೆಯ ಕೆಳಗೆ ಹಳ್ಳದಲ್ಲಿ ಎಷ್ಟು ನೀರು ಉಳಿಯುತ್ತದೋ ಅದಕ್ಕಿಂತ ಹೆಚ್ಚು ನೀರನ್ನು ಯಾವ ಔವೈಯೂ ಎಳೆದುಕೊಳ್ಳುವ ಹಾಗಿರಲಿಲ್ಲ. ಅಂದರೆ ಅರ್ಧಕ್ಕಿಂತ ಜಾಸ್ತಿ ಇಲ್ಲ. ಸಾಮಾನ್ಯವಾಗಿ ಅದಕ್ಕಿಂತ ಕಮ್ಮಿಯೇ. ಕಾಲುವೆ ತೋಡಲು ಯಾರು ಎಷ್ಟು ಆಳು ಕಳಿಸಿದ್ದರೋ ಅದಕ್ಕೆ ತಕ್ಕಂತೆ ನೀರಿನ ಪಾಲು. ಕಾಲುವೆಯ ಹೂಳು ತೆಗೆಯಲು ಬಾರದವನಿಗೆ ಪಾಲೂ ಇಲ್ಲ. ಸರದಿ ನೋಡಿಕೊಳ್ಳಲು ಲುನಾ ವೈ ಎಂಬುವವನಿದ್ದ. ಹಳೇ ಮೈಸೂರು ಸೀಮೆಯ ಕೆರೆ ಕೆಳಗಿನ ಊರುಗಳವರಿಗೆ ನೀರುಗಂಟಿ ಗೊತ್ತಿರುತ್ತಾನಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ಆ ಗದ್ದೆಗಳಲ್ಲಿ ಬೆಳೆಯುತ್ತಿದ್ದುದು ಭತ್ತವೇ?

ಅಲ್ಲ, ಕಲೋ. ಅಂದರೆ ನಮ್ಮ ಕೆಸು! ಎರಡೂ ಒಂದೇ ಜಾತಿಯ ಗಿಡ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಪತ್ರೊಡೆಗೆ ಹುಡುಕುವ ಎಲೆ ಇದರದ್ದೇ. ಏಷ್ಯಾದಲ್ಲಿ ಹುಟ್ಟಿದ ಈ ಗಡ್ಡೆಯನ್ನು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಒಯ್ದು, ಕೊನೆಗೆ ಹವಾಯಿಗೆ ಮುಟ್ಟಿಸಿದವರು ಪಾಲಿನೇಷ್ಯದ ನಾವಿಕರು. ನಾವು ಹುಣಸೆಹುಳಿ ಹಾಕಿ ತುರಿಕೆ ಕಳೆಯುತ್ತೇವೆ, ಅವರು ಗಂಟೆಗಟ್ಟಲೆ ಬೇಯಿಸಿ ಕಳೆಯುತ್ತಾರೆ. ಬೆಂದ ಗಡ್ಡೆಯನ್ನು ಕಲ್ಲಿನಿಂದ ಕುಟ್ಟಿ, ನೀರು ಸೇರಿಸಿ ನಾದಿದರೆ ಪೋಯಿ. ಅವರ ಮುಖ್ಯ ಊಟವೇ ಅದು.

ಕಲೋ ಅವರಿಗೆ ಬರೀ ಬೆಳೆಯಲ್ಲ, ವಂಶದ ಹಿರಿಯ. ಆಕಾಶದ ತಂದೆ ವಾಕೆಯಾನಿಗೆ ಹುಟ್ಟಿದ ಮೊದಲ ಮಗು ಉಳಿಯಲಿಲ್ಲ. ಅದನ್ನು ಹೂಳಿದ ಜಾಗದಲ್ಲಿ ಮೊದಲ ಕಲೋ ಗಿಡ ಚಿಗುರಿತು. ಆಮೇಲೆ ಹುಟ್ಟಿದ ಮಗು ಹಾಲೋಅ, ಮನುಷ್ಯರ ಪೂರ್ವಜ. ಹಾಗಾಗಿ ಗಿಡ ಅಣ್ಣ, ಮನುಷ್ಯ ತಮ್ಮ. ಅಣ್ಣ ಉಣ್ಣಿಸುತ್ತಾನೆ, ತಮ್ಮ ಅವನನ್ನು ನೋಡಿಕೊಳ್ಳಬೇಕು. ಹಳ್ಳದ ನೀರು ಕಡಿದರೆ ಮನೆಯವರನ್ನೇ ಉಪವಾಸ ಕೆಡವಿದ ಹಾಗೆ ಅವರಿಗೆ ಅನಿಸುವುದು ಇದಕ್ಕೇ.

ಗದ್ದೆಯ ಕಡೆಯಿಂದ ನೋಡಿದರೆ ಇನ್ನೊಂದು ಕಾರಣವಿದೆ. ಕೆಸರಿನಲ್ಲಿ ಬೆಳೆಯುವ ಕಲೋಗೆ ನಿಂತ ನೀರು ಆಗದು. ತಣ್ಣಗಿನ ನೀರು ಹರಿಯುತ್ತಲೇ ಇರಬೇಕು. ನೀರು ಸುಮಾರು 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಡ್ಡೆಗೆ ಕೊಳೆ ರೋಗ ಹತ್ತುತ್ತದೆ. ಹಳ್ಳದಲ್ಲಿ ನೀರು ಕಮ್ಮಿಯಾದರೆ ಗದ್ದೆಯ ನೀರು ಬಿಸಿಯೇರುತ್ತದೆ, ಮೇಲೆ ಎಲೆ ಹಸಿರಾಗಿದ್ದರೂ ಕೆಳಗೆ ಗಡ್ಡೆ ಕೊಳೆತು ಮೆತ್ತಗಾಗುತ್ತದೆ. ಕಿತ್ತು ನೋಡುವವರೆಗೆ ಗೊತ್ತಾಗುವುದಿಲ್ಲ.

ಹಳ್ಳದಲ್ಲಿ ಯಾವ ಜೀವಿಗಳಿವೆ?

ಸಂಖ್ಯೆಯಲ್ಲಿ ಕಮ್ಮಿ. ಅಷ್ಟು ದೂರದ ದ್ವೀಪಕ್ಕೆ ಸಿಹಿನೀರಿನ ಮೀನು ತಲುಪುವುದು ಹೇಗೆ ಹೇಳಿ? ಕಡಲು ದಾಟಿ ಬರಬಲ್ಲವು ಮಾತ್ರ ಬಂದವು. ಒಒಪು ಎಂದು ಕರೆಯುವ ಐದು ಜಾತಿಯ ಚಿಕ್ಕ ಮೀನುಗಳು, ಓಪೈ ಎಂಬ ಸಿಗಡಿಗಳು, ಹೀಹೀವೈ ಎಂಬ ಕಪ್ಪು ಚಿಪ್ಪಿನ ಬಸವನಹುಳು ಮುಖ್ಯವಾದವು. ದಂಡೆಯ ಮೇಲೆ ಆ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಕಾಣದ ಏರೋಪ್ಲೇನ್ ಚಿಟ್ಟೆಗಳ ಒಂದು ಗುಂಪೇ ಇದೆ.

ಒಒಪುವಿನ ಬಾಳು ಹಳ್ಳದಲ್ಲಿ ಶುರುವಾಗಿ, ಕಡಲಿಗೆ ಹೋಗಿ, ಮತ್ತೆ ಹಳ್ಳಕ್ಕೆ ಬರುತ್ತದೆ. ದೊಡ್ಡ ಮೀನು ಹಳ್ಳದ ಕಲ್ಲಿಗೆ ಮೊಟ್ಟೆ ಅಂಟಿಸುತ್ತದೆ. ಒಡೆದು ಬಂದ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು, ಈಜಲು ತ್ರಾಣವಿಲ್ಲ. ಹರಿವು ಅದನ್ನು ಕೆಲವೇ ದಿನಗಳಲ್ಲಿ ಕಡಲಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಸಾಯುತ್ತದೆ. ಕಡಲಿನಲ್ಲಿ ಕೆಲವು ತಿಂಗಳು ತೇಲಿ ಬೆಳೆದ ಮೇಲೆ ಸಿಹಿನೀರಿನ ಸೆಳೆತ ಹಿಡಿದು ಯಾವುದಾದರೂ ಹಳ್ಳದ ಬಾಯಿಗೆ ಬರುತ್ತದೆ. ಹುಟ್ಟಿದ ಹಳ್ಳವೇ ಆಗಬೇಕೆಂದಿಲ್ಲ. ಹೀಗಾಗಿ ನೀರು ಬೆಟ್ಟದಿಂದ ಕಡಲಿನವರೆಗೆ ಎಲ್ಲೂ ತುಂಡಾಗದೆ ಹರಿಯಬೇಕು. ನಡುವೆ ನೂರು ಮೀಟರ್ ಒಣಗಿದರೂ ಇಳಿಯುವವಕ್ಕೂ ದಾರಿ ಇಲ್ಲ, ಏರುವವಕ್ಕೂ ದಾರಿ ಇಲ್ಲ.

ಈ ಮೀನು ಜಲಪಾತ ಹತ್ತುತ್ತದೆ ಅನ್ನುತ್ತಾರೆ. ನಿಜವಾ?

ನಿಜ. ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಐದರಲ್ಲಿ ಅಕುಪ ಮತ್ತು ನನಿಹ ಹತ್ತಲಾರವು. ಅವು ಕೆಳಗಿನ ಬಯಲಿನಲ್ಲೇ ಉಳಿಯುತ್ತವೆ. ನಾಕೆಅ, ನೋಪಿಲಿ, ಅಲಮೊಒ ಹತ್ತುತ್ತವೆ. ಹೊಟ್ಟೆಯ ಕೆಳಗಿನ ಎರಡು ರೆಕ್ಕೆಗಳು ಕೂಡಿಕೊಂಡು ಒಂದು ಬಟ್ಟಲಿನಂತಾಗಿರುತ್ತವೆ. ಅದನ್ನು ಬಂಡೆಗೆ ಒತ್ತಿದರೆ ಕಚ್ಚಿಕೊಳ್ಳುತ್ತದೆ. ನಾಕೆಅ ಮತ್ತು ಅಲಮೊಒ ಬಂಡೆಗೆ ಅಂಟಿ ದಣಿವಾರಿಸಿಕೊಂಡು, ಒಮ್ಮೆಲೇ ಮೈ ಬಳುಕಿಸಿ ಮೇಲೆ ಚಿಮ್ಮಿ, ಮತ್ತೆ ಅಂಟಿಕೊಳ್ಳುತ್ತವೆ.

ನೋಪಿಲಿಯ ದಾರಿಯೇ ಬೇರೆ. ಕಡಲಿನಿಂದ ಬಂದಾಗ ಅದರ ಬಾಯಿ ಬೇರೆ ಮೀನುಗಳಂತೆ ಮುಂದಕ್ಕೇ ಇರುತ್ತದೆ. ಹಳ್ಳ ಸೇರಿದ ಸುಮಾರು ಎರಡು ದಿನಗಳಲ್ಲಿ ತಲೆಯ ಆಕಾರವೇ ಬದಲಾಗಿ ಬಾಯಿ ತಲೆಯ ಕೆಳಭಾಗಕ್ಕೆ ಜರುಗುತ್ತದೆ! ಆಮೇಲೆ ಬಾಯಿಯೂ ಒಂದು ಹಿಡಿಕೆ. ಬಾಯಿಯಿಂದ ಕಚ್ಚಿ, ಹೊಟ್ಟೆಯ ಬಟ್ಟಲು ಬಿಟ್ಟು ಮೇಲಕ್ಕೆಳೆದು ಒತ್ತಿ, ಮತ್ತೆ ಬಾಯಿ ಬಿಟ್ಟು ಮುಂದೆ ಚಾಚಿ ಕಚ್ಚುತ್ತದೆ. ಒಂದೇ ಲಯದಲ್ಲಿ, ನಿಲ್ಲದೆ. ಉದ್ದ ಎರಡು ಸೆಂಟಿಮೀಟರ್ ಆಸುಪಾಸು. ಬೆನ್ನ ಮೇಲೆ ತೆಳುವಾಗಿ ನೀರು ಜಾರುತ್ತಿದ್ದರೆ ಸಾಕು. ಒಣ ಬಂಡೆಯ ಮೇಲೆ ಆಗದು. ಮೇಲೆ ಹೋದ ಮೇಲೆ ಅದೇ ಬಾಯಿಯಿಂದ ಕಲ್ಲಿನ ಪಾಚಿ ಕೆರೆದು ತಿನ್ನುತ್ತದೆ.

ಹತ್ತುವುದರಲ್ಲಿ ಅಲಮೊಒ ಎಲ್ಲಕ್ಕಿಂತ ಗಟ್ಟಿ. ದೊಡ್ಡ ದ್ವೀಪದ ಅಕಾಕ ಜಲಪಾತದ ಎತ್ತರ 135 ಮೀಟರ್. ಅದರ ಮೇಲೂ ಈ ಮೀನು ಇದೆ.

ಇಷ್ಟು ಚೆನ್ನಾಗಿದ್ದ ವ್ಯವಸ್ಥೆ ಹಾಳಾದದ್ದು ಹೇಗೆ?

ಮುಖ್ಯ ಕಾರಣ ಕಬ್ಬು. 1848ರ ಭೂಹಂಚಿಕೆಯ ನಂತರ ನೆಲ ಖಾಸಗಿ ಆಸ್ತಿಯಾಯಿತು. 1876ರಲ್ಲಿ ಅಮೆರಿಕದ ಜೊತೆಗಿನ ಒಪ್ಪಂದ ಜಾರಿಗೆ ಬಂದು ಹವಾಯಿಯ ಸಕ್ಕರೆಗೆ ಸುಂಕವಿಲ್ಲದ ಮಾರುಕಟ್ಟೆ ಸಿಕ್ಕಿತು. ಕಬ್ಬಿಗೆ ಬೇಕಾದ ಬಿಸಿಲು, ಬಯಲು ಒಣ ಸೀಮೆಯಲ್ಲಿತ್ತು. ನೀರು ಬೆಟ್ಟದ ಆಚೆ ಬದಿಯಲ್ಲಿತ್ತು. ಕಂಪನಿಗಳು ನೀರನ್ನೇ ಹೊತ್ತು ತಂದವು.

ಮಾವಿ ದ್ವೀಪದಲ್ಲಿ ಮೊದಲ ಹಾಮಾಕುಆ ಕಾಲುವೆಯ ಕೆಲಸ ಶುರುವಾದದ್ದು 1876ರಲ್ಲಿ, ಮುಗಿದದ್ದು 1878ರಲ್ಲಿ. ಮುಂದಿನ ದಶಕಗಳಲ್ಲಿ ಅದು ಸುರಂಗ, ಕಾಲುವೆ ಸೇರಿ ಸುಮಾರು 120 ಕಿಲೋಮೀಟರ್ ಬೆಳೆಯಿತು. ಪೂರ್ವ ಮಾವಿಯ ಹತ್ತಾರು ಹಳ್ಳಗಳಿಂದ ದಿನಕ್ಕೆ ಸರಾಸರಿ 60 ಕೋಟಿ ಲೀಟರಿನಷ್ಟು ನೀರು ಆಚೆ ಹೋಗುತ್ತಿತ್ತು. ಓವಾಹು ದ್ವೀಪದಲ್ಲಿ ವೈಯಾಹೋಲೆ ಕಾಲುವೆ 1916ರಲ್ಲಿ ಮುಗಿಯಿತು, ಬೆಟ್ಟವನ್ನೇ ಕೊರೆದು.

ಕಂಪನಿಗಳು ನೀರು ಹಿಡಿಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಹಳ್ಳದ ತಳಕ್ಕೆ ಅಡ್ಡಲಾಗಿ ಕಾಂಕ್ರೀಟ್ ಕಟ್ಟಿ, ಅದರ ಮೇಲೆ ಕಬ್ಬಿಣದ ಸರಳುಗಳ ಜಾಲರಿ ಕೂರಿಸುತ್ತಿದ್ದರು. ಮಾಮೂಲಿ ದಿನಗಳಲ್ಲಿ ಬರುವ ನೀರೆಲ್ಲ ಜಾಲರಿಯ ಸಂದಿಯಿಂದ ಕೆಳಗೆ ಬಿದ್ದು ಕಾಲುವೆ ಸೇರುತ್ತಿತ್ತು. ನೆರೆ ಬಂದಾಗ ಉಕ್ಕಿದ್ದು ಮಾತ್ರ ಕೆಳಕ್ಕೆ. ಮೇಲಿನಿಂದ ತೇಲಿ ಬರುವ ಒಒಪು ಮರಿಗಳು ನೀರಿನ ಜೊತೆ ಕಬ್ಬಿನ ಗದ್ದೆಗೆ. ಕೆಳಗಿನ ಹಳ್ಳದಲ್ಲಿ ಉಳಿದದ್ದು ಬಿಳಿಚಿದ ಕಲ್ಲು.

ಹಳೆಯ ಔವೈ ನೀರು ಎರವಲು ಪಡೆದು ಅದೇ ಹಳ್ಳಕ್ಕೆ ಹಿಂದಿರುಗಿಸುತ್ತಿತ್ತು. ಕಂಪನಿಯ ಕಾಲುವೆ ಕಣಿವೆಯಿಂದಲೇ ಆಚೆ ಒಯ್ದಿತು. ಹೋದ ನೀರು ತಿರುಗಿ ಬರಲಿಲ್ಲ. ಎಷ್ಟು ತೆಗೆದರು ಅನ್ನುವುದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದೇ.

ಕಾನೂನು ಯಾವಾಗ ಹಳ್ಳಗಳ ಪರ ನಿಂತಿತು?

ನಿಧಾನವಾಗಿ. 1973ರಲ್ಲಿ ಹವಾಯಿಯ ಸುಪ್ರೀಂ ಕೋರ್ಟ್ ಹರಿಯುವ ನೀರು ಖಾಸಗಿ ಸ್ವತ್ತಲ್ಲ ಎಂದಿತು. 1978ರಲ್ಲಿ ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಬಂತು: ಜನರ ಹಿತಕ್ಕಾಗಿ ನೀರನ್ನು ಕಾಯುವುದು ಸರ್ಕಾರದ ಹೊಣೆ. 1987ರಲ್ಲಿ ಜಲ ಸಂಹಿತೆ ಮತ್ತು ಜಲ ಆಯೋಗ ಬಂದವು.

ದೊಡ್ಡ ತಿರುವು ವೈಯಾಹೋಲೆ ತೀರ್ಪು, 2000ದ ಆಗಸ್ಟ್ ತಿಂಗಳದ್ದು. 1990ರ ದಶಕದಲ್ಲಿ ಆ ಕಡೆಯ ಕಬ್ಬಿನ ಕಂಪನಿ ಬಾಗಿಲು ಹಾಕಿತು. ನೀರು ಬೇರೆಯವರ ಪಾಲಾಗುವ ಮೊದಲೇ ಕಣಿವೆಯ ರೈತರು ‘ನಮ್ಮ ಹಳ್ಳಕ್ಕೆ ಬಿಡಿ’ ಎಂದು ನಿಂತರು. ನೀರು ಜನರ ಪರವಾಗಿ ಸರ್ಕಾರ ಇಟ್ಟುಕೊಂಡಿರುವ ನಂಬಿಕೆಯ ಸ್ವತ್ತು, ಹಳ್ಳ ಹಳ್ಳವಾಗಿ ಉಳಿಯುವುದೂ ಅದರ ಒಂದು ಉದ್ದೇಶ ಎಂದು ಕೋರ್ಟ್ ಹೇಳಿತು. ಲಾಭಕ್ಕಾಗಿ ನೀರು ಕೇಳುವವರೇ ತಮ್ಮ ಅಗತ್ಯವನ್ನು ಸಾಬೀತು ಮಾಡಬೇಕು. ವಿಜ್ಞಾನದ ಪೂರ್ತಿ ಪುರಾವೆ ಇನ್ನೂ ಸಿಕ್ಕಿಲ್ಲ ಎಂಬ ನೆಪ ಹೇಳಿ ಹಳ್ಳದ ರಕ್ಷಣೆ ಮುಂದೂಡಬಾರದು ಎಂದೂ ಹೇಳಿತು.

ಪೂರ್ವ ಮಾವಿಯವರು ಇನ್ನೂ ಕಾಯಬೇಕಾಯಿತು. 2001ರಲ್ಲಿ 27 ಹಳ್ಳಗಳಿಗಾಗಿ ಅರ್ಜಿ ಹಾಕಿದರು. ಅಲ್ಲಿನ ಕಬ್ಬಿನ ಕಂಪನಿ 2016ರ ಕೊನೆಗೆ ಮುಚ್ಚಿತು. ಆಯೋಗದ ತೀರ್ಮಾನ ಬಂದದ್ದು 2018ರ ಜೂನ್‌ನಲ್ಲಿ, ಕಲೋ ಬೆಳೆಯುವ ಹಳ್ಳಗಳಿಗೆ ಪೂರ್ತಿ ನೀರು ಬಿಡಬೇಕೆಂದು. ಅರ್ಜಿಗೂ ಆದೇಶಕ್ಕೂ ನಡುವೆ 17 ವರ್ಷ. ಅಷ್ಟರಲ್ಲಿ ಕೆಲವು ಹಿರಿಯ ರೈತರು ತೀರಿಹೋಗಿದ್ದರು. ಇದು ನ್ಯಾಯವೇ ಆದರೂ ತಡವಾದ ನ್ಯಾಯ.

ಒಂದು ಹಳ್ಳಕ್ಕೆ ಎಷ್ಟು ನೀರು ಬೇಕು ಎಂದು ವಿಜ್ಞಾನಿಗಳು ಹೇಗೆ ಲೆಕ್ಕ ಹಾಕುತ್ತಾರೆ?

ಮೊದಲು ಹರಿವು ಅಳೆಯಬೇಕು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಹವಾಯಿಯ ಕೆಲವು ಹಳ್ಳಗಳಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ನೀರಿನ ಮಟ್ಟ ದಾಖಲಿಸುತ್ತ ಬಂದಿದೆ. 1913ರಿಂದ 2002ರವರೆಗಿನ ದಾಖಲೆ ನೋಡಿದಾಗ ಮೂಲ ಹರಿವು ಒಟ್ಟಾರೆ ಇಳಿಯುತ್ತ ಬಂದಿರುವುದು ಕಂಡಿತು. ಕಾಲುವೆಗಳು ಮುಟ್ಟದ ಹಳ್ಳಗಳಲ್ಲೂ ಹೀಗೆಯೇ ಆಗಿದೆ. ಹಳೆಯ ಹರಿವನ್ನು ನಂಬಿ ಹಂಚಿದ ಲೆಕ್ಕ ಇವತ್ತು ಸರಿಹೋಗದು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಆಮೇಲೆ ಜೀವಿಗಳ ಎಣಿಕೆ. ಇದಕ್ಕೆ ಬಲೆ ಬೇಕಿಲ್ಲ. ಮಾಸ್ಕ್ ಹಾಕಿಕೊಂಡು ತಣ್ಣೀರಿನಲ್ಲಿ ಮೊಳಕಾಲಾಳದ ಮಡುವಿನಲ್ಲಿ ಬೋರಲಾಗಿ ಮಲಗಬೇಕು. ಅಲುಗಾಡಬಾರದು. ಬೆದರಿ ಅಡಗಿದ ಮೀನು ಸ್ವಲ್ಪ ಹೊತ್ತಿಗೆ ಹೊರಬರುತ್ತದೆ. ಯಾವ ಜಾತಿ, ಎಷ್ಟುದ್ದ, ನೀರಿನ ಆಳ ಎಷ್ಟು, ವೇಗ ಎಷ್ಟು, ತಳದಲ್ಲಿ ಮರಳೋ ಕಲ್ಲೋ, ಎಲ್ಲ ಬರೆದುಕೊಳ್ಳುತ್ತಾರೆ. ಈಗ ನೀರು ಸೋಸಿ ಅದರಲ್ಲಿನ ಡಿಎನ್‌ಎ ನೋಡಿ ಯಾವ ಜೀವಿ ಇದೆ ಎಂದು ಪತ್ತೆ ಮಾಡುವ ವಿಧಾನವೂ ಬಂದಿದೆ.

ಇವೆರಡನ್ನೂ ಸೇರಿಸಿ ನೋಡಿದಾಗ, ಮೂಲ ಹರಿವಿನ ಮಧ್ಯಮ ಮಟ್ಟದ ಶೇ 64ರಷ್ಟು ನೀರು ಹಳ್ಳದಲ್ಲಿ ಉಳಿದರೆ ಸ್ಥಳೀಯ ಜೀವಿಗಳ ಸಹಜ ನೆಲೆಯ ಶೇ 90ರಷ್ಟು ಉಳಿಯುತ್ತದೆ ಎಂಬ ಅಂದಾಜು ಸಿಕ್ಕಿತು. ಪೂರ್ವ ಮಾವಿಯ ತೀರ್ಮಾನದಲ್ಲಿ ಈ ಅಳತೆಯೂ ಬಳಕೆಯಾಯಿತು. ಹಳಬರ ಅರ್ಧದ ನಿಯಮಕ್ಕೂ ಇದಕ್ಕೂ ಅಂಕಿಯಲ್ಲಿ ವ್ಯತ್ಯಾಸವಿದೆ. ಆದರೆ ಹಳಬರ ಕಾಲದಲ್ಲಿ ತೆಗೆದ ನೀರು ಗದ್ದೆ ದಾಟಿ ಹಳ್ಳಕ್ಕೇ ಬರುತ್ತಿತ್ತು ಅನ್ನುವುದನ್ನು ಮರೆಯಬಾರದು.

ಸಾಂಪ್ರದಾಯಿಕ ತಿಳಿವಳಿಕೆಗೂ ವಿಜ್ಞಾನಕ್ಕೂ ಜಗಳ ಬರುವುದಿಲ್ಲವೇ?

ಜನ ಅಂದುಕೊಂಡಷ್ಟು ಬರುವುದಿಲ್ಲ. ಹವಾಯಿಯವರು ಕಿಲೋ ಅನ್ನುವುದು ಒಂದೇ ಜಾಗವನ್ನು ದಿನಾ, ವರ್ಷಗಟ್ಟಲೆ ನೋಡುವ ಅಭ್ಯಾಸಕ್ಕೆ. ಚಂದ್ರನ ಯಾವ ರಾತ್ರಿ, ಗಾಳಿ ಯಾವ ಕಡೆಯಿಂದ, ಯಾವ ಗಿಡ ಹೂ ಬಿಟ್ಟಿತು, ಆಗ ಹಳ್ಳದಲ್ಲಿ ಏನು ಕಂಡಿತು. ಅವರ ತಿಂಗಳಿನ ಪ್ರತಿ ರಾತ್ರಿಗೂ ಒಂದೊಂದು ಹೆಸರಿದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಮೊದಲ ನೆರೆ ಬಂದಾಗ ನಾಕೆಅ ಮೀನು ಗುಂಪಾಗಿ ಕೆಳಗಿಳಿದು ಮೊಟ್ಟೆಯಿಡುತ್ತದೆ ಎಂಬುದು ಮೀನುಗಾರರಿಗೆ ಮೊದಲಿನಿಂದಲೂ ಗೊತ್ತಿತ್ತು. ಜೀವಶಾಸ್ತ್ರಜ್ಞರು ಆಮೇಲೆ ಅದನ್ನೇ ದಾಖಲಿಸಿದರು.

ವಿಜ್ಞಾನ ಹೊಸದನ್ನೂ ತೋರಿಸಿದೆ. ಮೀನಿನ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿ ಅದು ಉಪ್ಪುನೀರಿನಲ್ಲಿತ್ತೋ ಸಿಹಿನೀರಿನಲ್ಲಿತ್ತೋ ಎಂಬ ಗುರುತು ಪದರ ಪದರವಾಗಿ ಉಳಿದಿರುತ್ತದೆ. ಅದನ್ನು ಓದಿದಾಗ ಕೆಲವು ನಾಕೆಅ ಮೀನುಗಳು ಕಡಲಿಗೆ ಹೋಗದೆ ಹಳ್ಳದಲ್ಲೇ ಬೆಳೆದದ್ದು ಕಂಡುಬಂತು. ಎಲ್ಲವೂ ಕಡಲಿಗೆ ಹೋಗಲೇಬೇಕು ಎಂಬ ಎಣಿಕೆ ಈ ಜಾತಿಯ ಮಟ್ಟಿಗೆ ಸಡಿಲವಾಯಿತು.

ತೊಡಕು ಬರುವುದು ಬೇರೆ ಕಡೆ. ಅಂಕಿ ಇದ್ದರೆ ಮಾತ್ರ ಪುರಾವೆ ಅನ್ನುವ ಕಚೇರಿಗಳಲ್ಲಿ ಅಜ್ಜಿಯೊಬ್ಬಳು ‘ನಾನು ಚಿಕ್ಕವಳಿದ್ದಾಗ ಇಲ್ಲಿ ಸೊಂಟದವರೆಗೆ ನೀರಿತ್ತು’ ಅಂದರೆ ಅದು ಕಡತಕ್ಕೆ ಸೇರುವುದು ಕಷ್ಟ. ಅಳತೆಯ ಯಂತ್ರ ಇಡುವ ಮೊದಲೇ ನೀರು ತಿರುಗಿಸಿದ ಹಳ್ಳಗಳಿಗೆ ಇಂಥ ನೆನಪೇ ದಾಖಲೆ. ಹವಾಯಿಯ ನೀರಿನ ವಿಚಾರಣೆಗಳಲ್ಲಿ ಹಿರಿಯರ ಸಾಕ್ಷ್ಯವನ್ನೂ ತಗೊಳ್ಳುತ್ತಾರೆ. ಅದು ಸರಿಯಾದ ಕ್ರಮ ಎಂದೇ ನನ್ನ ನಂಬಿಕೆ.

ನೀರು ಬಿಟ್ಟರೆ ಸಾಕಾ? ಜೀವಿಗಳು ತಾವಾಗಿಯೇ ಬರುತ್ತವಾ?

ಮೀನು ಬರುತ್ತದೆ. ಮರಿಗಳು ಕಡಲಿನಲ್ಲಿ ಕಾಯುತ್ತಿರುತ್ತವೆ, ಹಳ್ಳದ ಬಾಯಿಗೆ ಸಿಹಿನೀರು ಮುಟ್ಟಿದರೆ ಸೆಳೆತ ಹಿಡಿದು ಒಳಬರುತ್ತವೆ. ಸಾಕಿ ತಂದು ಬಿಡುವ ಅಗತ್ಯ ಇಲ್ಲ. ಈ ಹಳ್ಳಗಳ ದೊಡ್ಡ ಅದೃಷ್ಟ ಇದು.

ಗದ್ದೆಗಳು ಮಾತ್ರ ತಾವಾಗಿ ಬರುವುದಿಲ್ಲ. ಓವಾಹುವಿನ ಹೆಏಯ ಕಣಿವೆಯಲ್ಲಿ ಆಗುತ್ತಿರುವ ಕೆಲಸ ನೋಡಿ. ಹಳ್ಳದ ಕೆಳಭಾಗದ ಜೌಗಿನಲ್ಲಿ ಕಾಕೊಒ ಓಇವಿ ಎಂಬ ಸಂಸ್ಥೆ ಕಳೆ ಕಿತ್ತು ಮತ್ತೆ ಲೋಇ ಕಟ್ಟುತ್ತಿದೆ. ಹಳ್ಳ ಕಡಲು ಸೇರುವಲ್ಲಿ ಸುಮಾರು 800 ವರ್ಷ ಹಳೆಯ, 88 ಎಕರೆಯ ಮೀನಿನ ಕೊಳವಿದೆ. 1965ರ ನೆರೆಯಲ್ಲಿ ಒಡೆದಿದ್ದ ಅದರ ಕಲ್ಲಿನ ಗೋಡೆಯನ್ನು ಪಾಏಪಾಏ ಓ ಹೆಏಯ ಸಂಸ್ಥೆ ಸಾವಿರಾರು ಸ್ವಯಂಸೇವಕರ ಕೈಯಲ್ಲಿ ಮತ್ತೆ ಕಟ್ಟಿಸಿದೆ. 2017ರಲ್ಲಿ ಇಡೀ ಅಳಿವೆ ಪ್ರದೇಶ ರಾಷ್ಟ್ರೀಯ ಸಂಶೋಧನಾ ತಾಣವಾಯಿತು. ಗದ್ದೆಯಲ್ಲಿ ನೀರು ನಿಧಾನವಾದಾಗ ಮಣ್ಣು ಅಲ್ಲೇ ತಂಗುತ್ತದೆ, ಕೊಳಕ್ಕೂ ಹವಳದ ದಿಬ್ಬಗಳಿಗೂ ಹೂಳು ಹೋಗುವುದು ಕಮ್ಮಿಯಾಗುತ್ತದೆ.

ನಮ್ಮ ಕರಾವಳಿಯವರಿಗೆ ಆಶ್ಚರ್ಯವಾಗುವ ಮಾತು ಒಂದಿದೆ. ಅಲ್ಲಿ ಕಾಂಡ್ಲಾ ಗಿಡ ಕಡಿಯುತ್ತಾರೆ! ನಮಗೆ ಅದು ದಡ ಕಾಯುವ ಗಿಡ. ಹವಾಯಿಯಲ್ಲಿ ಅದು ಮೂಲದ್ದಲ್ಲ. 1902ರಲ್ಲಿ ಕೆಸರು ತಡೆಯಲೆಂದು ಮೊಲೊಕಾಯಿ ದ್ವೀಪಕ್ಕೆ ತಂದದ್ದು ಹಬ್ಬಿ, ಮೀನಿನ ಕೊಳಗಳನ್ನೂ ಹಳ್ಳದ ಬಾಯಿಗಳನ್ನೂ ಮುಚ್ಚಿತು.

ಬೇರೆ ಯಾವ ಹೊರಗಿನ ಜೀವಿಗಳು ತೊಂದರೆ ಕೊಡುತ್ತವೆ?

ಪಟ್ಟಿ ಉದ್ದವಿದೆ. 1956ರಲ್ಲಿ ತಿನ್ನಲೆಂದು ತಂದ ತಹಿತಿ ಸಿಗಡಿ ಈಗ ಎಲ್ಲ ಕಡೆ ಇದೆ. ಸೊಳ್ಳೆ ತಿನ್ನಲಿ ಎಂದು ಬಿಟ್ಟ ಗಪ್ಪಿಯಂಥ ಮೀನುಗಳು ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ತಿಂದವು. ಸ್ಥಳೀಯ ಚಿಟ್ಟೆಗಳಲ್ಲಿ ಒಂದು ಜಾತಿ 2016ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು. ಸೇಬು ಬಸವನಹುಳು ಕಲೋ ಗಿಡವನ್ನೇ ಮೇಯುತ್ತದೆ. ಅಕ್ವೇರಿಯಂ ಮೀನು ಸಾಕಿ ಸಾಕಾದವರು ಹಳ್ಳಕ್ಕೆ ಬಿಡುವುದೂ ಇದೆ. ದಯವಿಟ್ಟು ಯಾರೂ, ಯಾವ ಊರಿನಲ್ಲೂ ಹಾಗೆ ಮಾಡಬೇಡಿ.

ಕಾಡು ಕಾಯುವುದಕ್ಕೂ ಹಳ್ಳಕ್ಕೂ ಏನು ಸಂಬಂಧ?

‘ಮಳೆ ಕಾಡಿನ ಹಿಂದೆ ಬರುತ್ತದೆ’ ಎಂದು ಅವರಲ್ಲಿ ಒಂದು ಗಾದೆ ಇದೆ. ಬೆಟ್ಟದ ಮೇಲಿನ ಓಹಿಅ ಮರಗಳು, ಅವುಗಳ ಕೆಳಗಿನ ಜರಿಗಿಡ ಮತ್ತು ಹಾವಸೆ ಮೋಡದ ತೇವವನ್ನೂ ಹಿಡಿದು ನೆಲಕ್ಕೆ ಇಳಿಸುತ್ತವೆ. ಕಾಡುಹಂದಿ ಆ ನೆಲವನ್ನು ಉತ್ತುಹಾಕುತ್ತದೆ. ಮಿಕೋನಿಯಾ ಎಂಬ ಅಗಲ ಎಲೆಯ ಮರ ಬುಡದಲ್ಲಿ ಏನನ್ನೂ ಬೆಳೆಯಗೊಡದೆ ಮಣ್ಣು ಕೊಚ್ಚಿಹೋಗುವಂತೆ ಮಾಡುತ್ತದೆ. ಓಹಿಅ ಮರಗಳಿಗೆ ಈಗ ಒಂದು ಶಿಲೀಂಧ್ರ ರೋಗವೂ ಬಂದಿದೆ, ಅದನ್ನು ಗುರುತಿಸಿದ್ದು 2014ರಲ್ಲಿ. ಹಾಗಾಗಿ ಬೆಟ್ಟದ ತುದಿಯಲ್ಲಿ ಹಂದಿ ಬರದಂತೆ ಬೇಲಿ ಹಾಕುವುದೂ ಹಳ್ಳ ಕಾಯುವ ಕೆಲಸವೇ.

ನೆರೆಗೆ ಹೆದರಿ ಹಳ್ಳಕ್ಕೆ ಕಾಂಕ್ರೀಟ್ ಹಾಕಿದ್ದಾರಲ್ಲ, ಅದರಿಂದ ಉಪಯೋಗ ಇಲ್ಲವೇ?

ಹೆದರಿಕೆ ಸುಳ್ಳಲ್ಲ. 2018ರ ಏಪ್ರಿಲ್‌ನಲ್ಲಿ ಕವಾಯಿಯ ವೈಪಾದಲ್ಲಿ 24 ಗಂಟೆಗಳಲ್ಲಿ 1,262 ಮಿಲಿಮೀಟರ್ ಮಳೆ ಸುರಿಯಿತು. ಅದು ಅಮೆರಿಕದ ದಾಖಲೆ. 2004ರಲ್ಲಿ ಹೊನೊಲುಲುವಿನ ಮಾನೋಅ ಹಳ್ಳ ಉಕ್ಕಿ ವಿಶ್ವವಿದ್ಯಾಲಯದ ಲೈಬ್ರರಿಯೊಳಗೇ ನುಗ್ಗಿತು.

ಕಾಂಕ್ರೀಟ್ ನೀರನ್ನು ಬೇಗ ಸಾಗಿಸುತ್ತದೆ. ಉಳಿದ ದಿನಗಳಲ್ಲಿ ಅದೇ ಹಳ್ಳ ನೆರಳಿಲ್ಲದ ಚಪ್ಪಟೆ ಚರಂಡಿ. ನೀರು ಬೆರಳಿನಷ್ಟು ತೆಳುವಾಗಿ ಹರಡಿ ಬಿಸಿಲಿಗೆ ಕಾಯುತ್ತದೆ, ಪುಟ್ಟ ಒಒಪು ಅದನ್ನು ದಾಟಿ ಮೇಲೆ ಹೋಗಬೇಕು. ವೈಕಿಕಿಯಲ್ಲಿ ಇವತ್ತು ಹೋಟೆಲುಗಳಿರುವ ಜಾಗ ಒಂದು ಕಾಲಕ್ಕೆ ಲೋಇ ಮತ್ತು ಮೀನಿನ ಕೊಳಗಳಿಂದ ತುಂಬಿತ್ತು. 1920ರ ದಶಕದಲ್ಲಿ ಅಲಾ ವೈ ಕಾಲುವೆ ತೋಡಿ ಅದನ್ನೆಲ್ಲ ಒಣಗಿಸಿದರು. ನೆರೆ ನೀರು ಹರಡಿ ನಿಲ್ಲುತ್ತಿದ್ದ ಜಾಗ ಕಿತ್ತುಕೊಂಡ ಮೇಲೆ ಅದು ಎಲ್ಲಿಗೆ ಹೋಗಬೇಕು?

ಹಳ್ಳದ ನೀರು ಕುಡಿಯಬಹುದಾ?

ಬೇಡ. ಎಷ್ಟೇ ತಿಳಿಯಾಗಿ ಕಂಡರೂ ಇಲಿಜ್ವರದ ರೋಗಾಣು ಇರಬಹುದು. ಮೈಮೇಲೆ ಗಾಯವಿದ್ದರೆ ನೀರಿಗೆ ಇಳಿಯಲೂ ಬಾರದು. ಇದರ ಜೊತೆಗೆ ರಾಜ್ಯದಲ್ಲಿ ಸುಮಾರು 83,000 ಶೌಚದ ಗುಂಡಿಗಳಿದ್ದು, ಅವುಗಳ ಕೊಳಚೆ ಶುದ್ಧವಾಗದೆ ನೆಲಕ್ಕೆ ಇಂಗುತ್ತಿದೆ ಎಂದು ಲೆಕ್ಕ ಹಾಕಿದ್ದಾರೆ. 2050ರೊಳಗೆ ಎಲ್ಲವನ್ನೂ ಬದಲಿಸಬೇಕೆಂದು 2017ರಲ್ಲಿ ಕಾನೂನು ಮಾಡಿದ್ದಾರೆ.

ಪ್ರವಾಸಕ್ಕೆ ಹೋದರೆ ಏನು ನೆನಪಿಡಬೇಕು?

ಬೂಟಿನ ಮಣ್ಣು ಕೊಡವಿ, ಚಾರಣದ ದಾರಿಯ ಬಾಯಲ್ಲಿರುವ ಬ್ರಷ್‌ನಿಂದ ಉಜ್ಜಿಯೇ ಕಾಡಿಗೆ ಕಾಲಿಡಿ. ಮರದ ರೋಗ ಹರಡುವುದು ಮಣ್ಣಿನಿಂದಲೂ ಹೌದು. ಹಳ್ಳದಲ್ಲಿ ಕಲ್ಲು ಜೋಡಿಸಿ ಗೋಪುರ ಕಟ್ಟಬೇಡಿ. ಆ ಕಲ್ಲಿನ ಅಡಿಯಲ್ಲೇ ಮೊಟ್ಟೆ ಇರುತ್ತದೆ. ಬೆಟ್ಟದ ಮೇಲೆ ಮೋಡ ಕಪ್ಪಾದರೆ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ನೀರಿನಿಂದ ಎದ್ದು ಬನ್ನಿ. ಲೋಇ ಕಂಡರೆ ಅದು ಯಾರದೋ ಗದ್ದೆ ಅನ್ನುವುದು ನೆನಪಿರಲಿ. ಫೋಟೊಗೆ ಎಂದು ಬದುವಿನ ಮೇಲೆ ನಡೆಯಬೇಡಿ.

ಅಲ್ಲೇ ನೆಲೆಸಿರುವವರು, ಹೆಚ್ಚು ದಿನ ಉಳಿಯುವವರು ಕೈಜೋಡಿಸಬಹುದಾ?

ಖಂಡಿತ. ಲೋಇ ಮತ್ತು ಮೀನಿನ ಕೊಳಗಳನ್ನು ನೋಡಿಕೊಳ್ಳುವ ಸಂಸ್ಥೆಗಳು ಶ್ರಮದಾನದ ದಿನಗಳನ್ನು ಇಟ್ಟುಕೊಂಡಿರುತ್ತವೆ, ಹೆಚ್ಚಾಗಿ ಶನಿವಾರ. ಮೊದಲೇ ಹೆಸರು ಕೊಡಬೇಕು. ಕೆಸರಾದರೂ ಪರವಾಗಿಲ್ಲ ಅನ್ನುವ ಬಟ್ಟೆ, ನೀರಿಗೆ ಆಗುವ ಚಪ್ಪಲಿ ಸಾಕು. ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಕಳೆ ಕೀಳುವುದು, ಔವೈಯ ಹೂಳು ಎತ್ತುವುದು, ಕಲ್ಲು ಹೊರುವುದು ಕೆಲಸ. ಅದೃಷ್ಟವಿದ್ದರೆ ಹುಲಿ ನೆಡಲು ಸಿಗುತ್ತದೆ. ಗಡ್ಡೆಯ ತಲೆಭಾಗವನ್ನು ತೆಳುವಾಗಿ ಉಳಿಸಿಕೊಂಡು ಕತ್ತರಿಸಿದ ಕಲೋ ದಂಟಿಗೆ ಅವರು ಹುಲಿ ಅನ್ನುತ್ತಾರೆ. ಅದನ್ನು ಕೆಸರಿಗೆ ಒತ್ತಿ ನಿಲ್ಲಿಸಿದರೆ ಬೇರು ಬಿಡುತ್ತದೆ, ಕೊಯ್ಲಿಗೆ ಬರಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

ಕೈ ಕೆಸರು ಮಾಡಿಕೊಳ್ಳಲು ಆಗದವರಿಗೆ ಜಲ ಆಯೋಗದ ಸಭೆಗಳಿವೆ. ಅವು ಎಲ್ಲರಿಗೂ ತೆರೆದಿರುತ್ತವೆ. ನಿಮ್ಮ ಹತ್ತಿರದ ಹಳ್ಳದ ವಿಷಯ ಬಂದಾಗ ಬರಹದಲ್ಲೋ ಎದುರಿಗೋ ಅಭಿಪ್ರಾಯ ಹೇಳಬಹುದು. ಆದರೆ ಮೊದಲು ಆ ಕಣಿವೆಯಲ್ಲಿ ತಲೆಮಾರುಗಳಿಂದ ಇರುವವರು ಏನು ಕೇಳುತ್ತಿದ್ದಾರೆ ಎಂದು ಹೋಗಿ ಕೇಳಿಕೊಂಡು ಬನ್ನಿ.